ಸಾಕಮ್ಮ: ಯಾವ ಸಾಕು?

ಹೋದ ವಾರ ನಮ್ಮ ನ್ಯೂಸ್‌ರೂಮಿನಲ್ಲಿ ಒಂದು ಹಗುರವಾದ ಕಾರ್ಯಕ್ರಮದ ತಯಾರಿ ನಡೆದಿತ್ತು. ಮಕ್ಕಳಿಗೆ ಈಗ ಎಂಥೆಂಥ ಹೆಸರು ಇಡುತ್ತಿದ್ದಾರೆ ಅನ್ನೋದು ವಿಷಯ. ಭಾನುವಾರ ಬೆಳಗ್ಗೆ ಜನ ದೋಸೆ ತಿನ್ನುತ್ತಾ ನೋಡುವಂಥ ಅರ್ಧ ಗಂಟೆ. ನಮ್ಮ ಹುಡುಗರು ಪಟ್ಟಿ ಮಾಡಿಕೊಂಡು ಬಂದರು. ಆದ್ಯಾ, ಅದ್ವಿಕಾ, ಶನಾಯಾ, ಕಿಯಾರಾ... ಅರ್ಥ ಕೇಳಿದರೆ ಅರ್ಧಕ್ಕೆ 'ಲಕ್ಷ್ಮಿಯ ಇನ್ನೊಂದು ಹೆಸರು ಮೇಡಂ' ಅಂದರು, ಉಳಿದರ್ಧಕ್ಕೆ 'ಗೂಗಲ್‌ನಲ್ಲಿದೆ ಮೇಡಂ' ಅಂದರು. ಲಕ್ಷ್ಮಿಗೆ ಇಷ್ಟೊಂದು ಹೆಸರಿರೋದು ಆ ತಾಯಿಗಾದರೂ ಗೊತ್ತಿದೆಯೋ ಇಲ್ಲವೋ!

ಸುಮ್ಮನಿರಲಾರದೆ ಒಂದು ಪ್ರಶ್ನೆ ಹಾಕಿದೆ. 'ನಿಮ್ಮಲ್ಲಿ ಯಾರ ಮನೇಲಿ ಸಾಕಮ್ಮ ಇದ್ದಾರೆ?'

ಮೊದಲು ನಗು. ಆಮೇಲೆ ಒಂದೊಂದೇ ಕೈ ಎದ್ದವು. ಮದ್ದೂರು ಕಡೆಯ ಕ್ಯಾಮೆರಾ ಹುಡುಗ, 'ನಮ್ಮಜ್ಜಿ' ಅಂದ. ಚನ್ನರಾಯಪಟ್ಟಣದ ಡೆಸ್ಕ್ ಹುಡುಗಿ, 'ನಮ್ಮಪ್ಪನ ದೊಡ್ಡಮ್ಮ ಸಾಕವ್ವ, ಈಗಿಲ್ಲ' ಅಂದಳು. ಮೂರನೆಯ ಕೈ ನನ್ನದೇ. 'ಸರಿ, ನಿಮ್ಮ ಕ್ಲಾಸಲ್ಲಿ ಯಾವಳಾದ್ರೂ ಸಾಕಮ್ಮ ಓದ್ತಿದ್ಲಾ?' ಅಂದೆ. ಒಬ್ಬರೂ ಬಾಯಿ ಬಿಡಲಿಲ್ಲ. ಇಪ್ಪತ್ತೈದು ಮೂವತ್ತು ಜನ ಕೆಲಸ ಮಾಡುವ ಜಾಗ. ಅಷ್ಟೂ ಜನರ ಶಾಲೆ, ಕಾಲೇಜು, ಬೀದಿ, ಹಾಸ್ಟೆಲ್ ಸೇರಿಸಿದರೂ ನಮ್ಮ ವಯಸ್ಸಿನ ಒಬ್ಬ ಸಾಕಮ್ಮ ಸಿಗಲಿಲ್ಲ.

ಹಳೇ ಮೈಸೂರು ಸೀಮೆಯಲ್ಲಿ ಒಂದು ಕಾಲಕ್ಕೆ ಊರಿಗೊಬ್ಬಳಾದರೂ ಇರುತ್ತಿದ್ದ ಹೆಸರಿದು. ಈಗ ಪಿಂಚಣಿ ಪಡೆಯುವವರ ಸಾಲಿನಲ್ಲಿ ಬಿಟ್ಟರೆ ಎಲ್ಲೂ ಕೇಳುವುದಿಲ್ಲ. ಇನ್ನೊಂದು ಇಪ್ಪತ್ತು ವರ್ಷಕ್ಕೆ ಹೆಸರೇ ಇರುವುದಿಲ್ಲ. ಒಳ್ಳೆಯದಾಯಿತು, ಅಂಥ ಹೆಸರು ಹೋಗಲಿ ಬಿಡಿ ಅನ್ನುತ್ತೀರಿ ಅಲ್ವಾ? ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ.

ಮೊದಲು ಹೆಸರಿನ ಹುಟ್ಟು ನೋಡೋಣ. ಕನ್ನಡದಲ್ಲಿ 'ಸಾಕು' ಒಂದಲ್ಲ, ಎರಡು. ಮೊದಲನೆಯದು ಬಡಿಸುವವರು ಬಂದಾಗ ಎಲೆಗೆ ಕೈ ಅಡ್ಡ ಹಿಡಿದು ಹೇಳುವ ಸಾಕು. ಇದರ ಮೂಲ 'ಸಾಲ್' ಎನ್ನುವ ಹಳೆಯ ಧಾತು. ಸಾಲುವುದು ಅಂದರೆ ಬೇಕಾದಷ್ಟು ಇರುವುದು. ಹಳಗನ್ನಡದ 'ಸಾಲ್ಗುಂ' ಸವೆದು ಸವೆದು 'ಸಾಕು' ಆಯಿತು. ಅದಕ್ಕೇ ಸಾಕು ಎಂಬುದಕ್ಕೆ ವಿರುದ್ಧ ಹೇಳುವಾಗ ನಾವು 'ಸಾಕದು' ಅನ್ನುವುದಿಲ್ಲ, 'ಸಾಲದು' ಅನ್ನುತ್ತೇವೆ. ಒಳಗೆ ಅಡಗಿದ್ದ 'ಲ' ಅಲ್ಲಿ ಹೊರಗೆ ಬರುತ್ತದೆ. ತೆಲುಗಿನವರ 'ಚಾಲು' ಕೂಡ ಇದೇ ಮನೆಯ ಮಗು.

ಎರಡನೆಯ ಸಾಕು ಪೋಷಿಸುವುದು. ದನ ಸಾಕುವುದು, ನಾಯಿ ಸಾಕುವುದು, ಮಕ್ಕಳನ್ನು ಸಾಕುವುದು. ಸಾಕುತಾಯಿ, ಸಾಕುಮಗ, ಸಾಕುಪ್ರಾಣಿ ಎಲ್ಲ ಇದರಿಂದ ಬಂದವು. ಅರ್ಥದಲ್ಲಿ ಒಂದು ಇನ್ನೊಂದಕ್ಕೆ ಸಂಬಂಧವಿಲ್ಲ. ಆದರೆ ಕಿವಿಗೆ ಕೇಳುವಾಗ, ಕಣ್ಣಿಗೆ ಕಾಣುವಾಗ ಎರಡೂ ಒಂದೇ. ಹೀಗಾಗಿ ಸಾಕಮ್ಮ ಎಂಬ ಹೆಸರನ್ನು ಎರಡು ಕಡೆಯಿಂದಲೂ ಓದಬಹುದು. ಸಲಹುವ ಅಮ್ಮ, ಪೊರೆಯುವ ತಾಯಿ ಎಂದುಕೊಂಡರೆ ಇದಕ್ಕಿಂತ ದೊಡ್ಡ ಹೆಸರು ಯಾವುದಿದೆ ಹೇಳಿ? ಇನ್ನೊಂದು ಕಡೆಯಿಂದ ಓದಿದರೆ, 'ಇನ್ನು ಹೆಣ್ಣು ಸಾಕಮ್ಮಾ.' ಊರಲ್ಲಿ ಹೆಚ್ಚಾಗಿ ನಡೆದದ್ದು ಈ ಎರಡನೆಯ ಓದು. ನಾಲ್ಕೋ ಐದೋ ಹೆಣ್ಣಾದ ಮೇಲೆ ಹುಟ್ಟಿದ ಇನ್ನೊಂದು ಹೆಣ್ಣಿಗೆ ಈ ಹೆಸರು. ಅದು ಮಗುವಿಗೆ ಇಟ್ಟ ಹೆಸರು ಅನ್ನುವುದಕ್ಕಿಂತ ದೇವರಿಗೆ ಹಾಕಿದ ಅರ್ಜಿ. ದಿನಕ್ಕೆ ನೂರು ಸಲ 'ಸಾಕೂ, ಸಾಕೂ' ಅಂತ ಮಗುವನ್ನು ಕೂಗುತ್ತಿದ್ದರೆ ಮೇಲಿರುವವನಿಗೆ ಎಂದಾದರೂ ಕೇಳಿಸೀತು, ಮುಂದಿನದು ಗಂಡಾದೀತು ಎನ್ನುವ ಲೆಕ್ಕ.

ನಮ್ಮಜ್ಜಿಯ ಕಥೆ ಇದೇ. ತುಮಕೂರು ಜಿಲ್ಲೆಯ ಒಂದು ಹಳ್ಳಿ. ನಾಲ್ಕು ಹೆಣ್ಣಾದ ಮೇಲೆ ಐದನೆಯದೂ ಹೆಣ್ಣು ಅಂತ ಸೂಲಗಿತ್ತಿ ಹೊರಗೆ ಬಂದು ಹೇಳಿದಾಗ, ಜಗಲಿಯ ಮೇಲೆ ಕೂತಿದ್ದ ನಮ್ಮ ಮುತ್ತಾತ ಟವೆಲ್ ಕೊಡವಿಕೊಂಡು ಹೊಲದ ಕಡೆ ಹೋದವರು ರಾತ್ರಿಯಾದರೂ ಬರಲಿಲ್ಲವಂತೆ. ಹೆಸರಿಟ್ಟವರು ಮನೆಯ ಹಿರಿಯ ಹೆಂಗಸು. ಯಾರೂ ಚರ್ಚೆ ಮಾಡಲಿಲ್ಲ. ಅಜ್ಜಿಯ ನಂತರ ಹುಟ್ಟಿದ್ದೂ ಹೆಣ್ಣೇ! 'ದೇವ್ರಿಗೆ ಕಿವಿ ಮಂದ ಆಗಿತ್ತು ಅಂತ ಕಾಣ್ತದೆ' ಅನ್ನುವುದು ಅಜ್ಜಿಯ ವರದಿ. ಅದಾದ ಮೇಲೆ ಒಬ್ಬ ಗಂಡು. ಅವನಿಗೆ ಮಾತ್ರ ಮನೆದೇವರ ಹೆಸರು.

ಊಟಕ್ಕೆ ಕೂತಾಗ ಅಕ್ಕಂದಿರು 'ಸಾಕಾ ಸಾಕಿ?' ಅಂತ ರೇಗಿಸುವುದು ದಿನದ ಆಟವಾಗಿತ್ತಂತೆ. ಬೇಕು ಅಂದರೂ ನಗು, ಸಾಕು ಅಂದರೂ ನಗು. ಇದನ್ನು ಹೇಳುವಾಗ ಅಜ್ಜಿಯೂ ನಗುತ್ತಾರೆ. ಎಂಬತ್ತು ದಾಟಿದವರಿಗೆ ಎಪ್ಪತ್ತು ವರ್ಷದ ಹಿಂದಿನ ಒಂದು ತುತ್ತು ರಾಗಿಮುದ್ದೆಯ ತಮಾಷೆ ಇನ್ನೂ ನೆನಪಿದೆ ಅಂದರೆ ಅದು ಬರೀ ತಮಾಷೆ ಆಗಿರಲಿಕ್ಕಿಲ್ಲ.

ನಮ್ಮ ಮನೆಯವರೂ ಕಡಿಮೆ ಏನಲ್ಲ. ಕೆಲವು ವರ್ಷದ ಹಿಂದೆ ಚಿಕ್ಕಪ್ಪನ ಮನೆಯ ಗೃಹಪ್ರವೇಶ. ಇನ್ವಿಟೇಷನ್ ಕಾರ್ಡಿನಲ್ಲಿ ಆಶೀರ್ವಾದ ಕೋರುವ ಹಿರಿಯರ ಹೆಸರು ಬರಬೇಕಲ್ಲ? ಬೀಗರೆಲ್ಲ ಪಟ್ಟಣದವರು, 'ಸಾಕಮ್ಮ' ಅಂತ ಅಚ್ಚು ಹಾಕಿಸಿದರೆ ಏನಂದುಕೊಂಡಾರು ಎಂಬ ಸಂಕೋಚ. ಯಾರೋ ಬುದ್ಧಿವಂತರು ಉಪಾಯ ಹೇಳಿದರು. ಕಾರ್ಡು ಬಂದಾಗ ನೋಡುತ್ತೇವೆ, 'ಶ್ರೀಮತಿ ಶಾಕಾಂಬರಮ್ಮ' ಅಂತ ಚಿನ್ನದ ಅಕ್ಷರದಲ್ಲಿ ಹೊಳೆಯುತ್ತಿದೆ. ಅಜ್ಜಿಗೆ ಓದಲು ಬರುವುದಿಲ್ಲ. ನಾನೇ ಓದಿ ಹೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, 'ಯಾರವ್ವ ಇವ್ಳು? ನಿಮ್ ತಾತ ನಂಗೆ ತಿಳೀದಂಗೆ ಇನ್ನೊಂದ್ ಮದ್ವೆ ಆಗಿದ್ರಾ?' ಅಂದರು. ಮನೆಯೆಲ್ಲ ನಕ್ಕಿತು. ಕಾರ್ಡು ಮಾತ್ರ ಹಾಗೇ ಹಂಚಿದರು. ನಾನೂ ನನ್ನ ಸ್ನೇಹಿತರಿಗೆ ಅದೇ ಕಾರ್ಡು ಕೊಟ್ಟೆ. ಆಗ ನಾನು ಆಗಲೇ ಟಿವಿಯಲ್ಲಿ ಕೂತು ಹೆಣ್ಣುಮಕ್ಕಳ ಸ್ವಾಭಿಮಾನದ ಬಗ್ಗೆ ಭಾಷಣ ಮಾಡುತ್ತಿದ್ದೆ!

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಹಳ್ಳಿಗಳಲ್ಲಿ ಕೇಳಲು ಒರಟಾದ ಹೆಸರು ಬೇಕಾದಷ್ಟಿವೆ. ತಿಪ್ಪಮ್ಮ, ತಿಪ್ಪಯ್ಯ, ಗುಂಡಮ್ಮ, ಕಲ್ಲಪ್ಪ, ಹುಚ್ಚಮ್ಮ. ಇವನ್ನೂ ಸಾಕಮ್ಮನನ್ನೂ ಒಂದೇ ಬುಟ್ಟಿಗೆ ಹಾಕಬಾರದು. ಹುಟ್ಟಿದ ಮಕ್ಕಳೆಲ್ಲ ತೀರಿಹೋಗುತ್ತಿದ್ದ ಕಾಲದಲ್ಲಿ, ಮಗುವನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡು ಬಂದು, ಇದು ತಿಪ್ಪೆಯಲ್ಲಿ ಸಿಕ್ಕಿದ್ದು ಎಂದು ಸಾವಿಗೆ ಸುಳ್ಳು ಹೇಳಿ ಇಟ್ಟ ಹೆಸರು ತಿಪ್ಪಮ್ಮ. ದೃಷ್ಟಿ ತಾಗದಿರಲಿ, ಯಮ ಕೂಡ ಮೂಗು ಮುಚ್ಚಿಕೊಂಡು ಮುಂದೆ ಹೋಗಲಿ ಎಂದು. ಕಲ್ಲಿನಂತೆ ಗಟ್ಟಿಯಾಗಿ ಉಳಿಯಲಿ ಎಂದು ಕಲ್ಲಪ್ಪ, ಗುಂಡಮ್ಮ. ಹೊರಗೆ ಒರಟು, ಒಳಗೆ ಕರುಳು. ತೆಲುಗಿನ ಪೆಂಟಯ್ಯನೂ ಇದೇ ತಿಪ್ಪೆಯವನು. ಆ ಹೆಸರುಗಳು ಮಗುವಿಗೆ 'ಇರು, ಹೋಗಬೇಡ' ಅನ್ನುತ್ತವೆ. ಸಾಕಮ್ಮ ಎಂಬ ಹೆಸರು ಮಗುವನ್ನು ನೋಡುವುದೇ ಇಲ್ಲ. ಅದರ ಕಣ್ಣು ಮುಂದಿನ ಹೆರಿಗೆಯ ಮೇಲೆ.

ಇದು ನಮ್ಮ ಸೀಮೆಯ ಪಾಪ ಮಾತ್ರ ಅಂದುಕೊಳ್ಳಬೇಡಿ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಇದೇ ಹುಡುಗಿ 'ನಕುಶಾ', 'ನಕೋಶಿ'. ಮರಾಠಿಯಲ್ಲಿ 'ನಕೋ' ಅಂದರೆ ಬೇಡ. ಬೇಡವಾದವಳು ಅಂತಲೇ ಹೆಸರು! 2011ರ ಅಕ್ಟೋಬರ್ 22ರಂದು ಅಲ್ಲಿಯ ಜಿಲ್ಲಾಡಳಿತ ಒಂದು ಸಮಾರಂಭ ಮಾಡಿ ಇಂಥ 285 ಹುಡುಗಿಯರಿಗೆ ಹೊಸ ಹೆಸರಿಟ್ಟು, ಆ ಹೆಸರಿನ ಪ್ರಮಾಣಪತ್ರ ಕೊಟ್ಟಿತು. ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದ ಮಕ್ಕಳು. ಕೆಲವರು ಸಿನಿಮಾ ನಟಿಯರ ಹೆಸರು ಆರಿಸಿಕೊಂಡರು. ತಪ್ಪೇನು? ತನಗೆ ತಾನೇ ಹೆಸರು ಆರಿಸಿಕೊಳ್ಳುವ ಅವಕಾಶ ಎಷ್ಟು ಜನರಿಗೆ ಸಿಗುತ್ತದೆ?

ಹರಿಯಾಣದಲ್ಲಿ 'ಭತೇರಿ' ಎಂಬ ಹೆಸರಿದೆ. ಅರ್ಥ, ಬೇಕಾದಷ್ಟಾಯಿತು. ಅಲ್ಲಿನದೇ ಇನ್ನೊಂದು ಹೆಸರು 'ಅಂತಿಮ್'. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಸಾರ್ ಜಿಲ್ಲೆಯ ಭಗಾನಾ ಗ್ರಾಮದಲ್ಲಿ ನಾಲ್ಕನೆಯ ಹೆಣ್ಣಾಗಿ ಹುಟ್ಟಿದ ಅಂತಿಮ್ ಪಂಘಾಲ್ 2022ರಲ್ಲಿ 20 ವರ್ಷದೊಳಗಿನವರ ವಿಶ್ವ ಕುಸ್ತಿಯಲ್ಲಿ ಚಿನ್ನ ಗೆದ್ದರು. ಆ ಮಟ್ಟದಲ್ಲಿ ಚಿನ್ನ ಗೆದ್ದ ಭಾರತದ ಮೊದಲ ಹುಡುಗಿ. ಮರುವರ್ಷ ಬೆಲ್‌ಗ್ರೇಡ್‌ನಲ್ಲಿ ಹಿರಿಯರ ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ಕಂಚು. ಆ ದಿನ ನಾನೇ ಸುದ್ದಿ ಓದಿದ್ದು. ಪ್ರಾಂಪ್ಟರಿನಲ್ಲಿ 'ಅಂತಿಮ್ ಅಂತಿಮ ಸುತ್ತಿಗೆ' ಅಂತ ಏನೋ ಪ್ರಾಸ ಹಾಕಿ ಬರೆದಿದ್ದರು. ಓದುವಾಗ ನಾಲಿಗೆ ತಡವರಿಸಿತು. ಪ್ರಾಸಕ್ಕಲ್ಲ, ಆ ಹೆಸರಿಗೆ.

ಚೀನಾದಲ್ಲಿ 'ಝಾವ್‌ದಿ' ಅಂದರೆ ತಮ್ಮನನ್ನು ಕರೆಯುವವಳು, 'ಲಾಯ್‌ದಿ' ಅಂದರೆ ತಮ್ಮ ಬರಲಿ. ಜಪಾನಿನ ಹಳೆಯ ತಲೆಮಾರಿನಲ್ಲಿ 'ತೊಮೆ', ಅಂದರೆ ಇಲ್ಲಿಗೆ ನಿಲ್ಲಲಿ. ಸಾಕು ಸಾಕು ಎನ್ನುವ ದನಿ ಎಲ್ಲಾ ಭಾಷೆಯಲ್ಲೂ ಇದೆ ನೋಡಿ.

ಹಾಗಂತ ಸಾಕಮ್ಮ ಎಂಬ ಹೆಸರು ಹೊತ್ತವರೆಲ್ಲ ತಲೆ ತಗ್ಗಿಸಿ ಬದುಕಿದರೇ? ಬೆಂಗಳೂರಿನ ಬಸವನಗುಡಿಯಲ್ಲಿ ಸಾಕಮ್ಮ ಗಾರ್ಡನ್ ಎಂಬ ಜಾಗ ಇದೆ. ದಿನಾ ಆ ಕಡೆ ಓಡಾಡುವವರಲ್ಲೂ ಎಷ್ಟೋ ಜನರಿಗೆ ಆ ಸಾಕಮ್ಮ ಯಾರು ಅಂತ ಗೊತ್ತಿಲ್ಲ. ಹಳೆಯ ಬೆಂಗಳೂರಿಗರು ಅವರನ್ನು ಕಾಫಿಪುಡಿ ಸಾಕಮ್ಮ ಎನ್ನುತ್ತಿದ್ದರು. 1880ರಲ್ಲಿ ತುಮಕೂರು ಜಿಲ್ಲೆಯ ಬಿದರೆಯಲ್ಲಿ ಹುಟ್ಟಿದವರು. ಹದಿನಾರರ ವಯಸ್ಸಿಗೆ ಕೊಡಗಿನ ಸೋಮವಾರಪೇಟೆಯ ದೊಡ್ಡಮನೆ ಚಿಕ್ಕಬಸಪ್ಪ ಶೆಟ್ಟರಿಗೆ ಮೂರನೆಯ ಹೆಂಡತಿಯಾಗಿ ಹೋದರು. ಕಾಫಿ ತೋಟದ ಶ್ರೀಮಂತ ಮನೆತನ. ಎರಡೇ ವರ್ಷಕ್ಕೆ ಗಂಡ ತೀರಿಕೊಂಡರು, ಹಿಂದೆಯೇ ಸವತಿಯರಿಬ್ಬರೂ ಹೋದರು. ಇಪ್ಪತ್ತರ ಆಸುಪಾಸಿನ ವಿಧವೆಯ ಕೈಗೆ ಅಷ್ಟು ದೊಡ್ಡ ತೋಟ ಬಂತು. ಆ ಕಾಲದಲ್ಲಿ ಆ ವಯಸ್ಸಿನ ವಿಧವೆ ಅಂದರೆ ಅಡುಗೆಮನೆಯ ಮೂಲೆ ಅಷ್ಟೇ. ಈಕೆ ತೋಟ ನಡೆಸಿದರು, ಬೆಳೆಸಿದರು. ಆಮೇಲೆ ಬೆಂಗಳೂರಿಗೆ ಬಂದು ಬೀಜ ಹುರಿದು ಪುಡಿ ಮಾಡಿ ಮಾರುವ ಸಾಕಮ್ಮ ಕಾಫಿ ವರ್ಕ್ಸ್ ಕಟ್ಟಿದರು. 1928ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಬಂದ ಮೊದಲ ಮಹಿಳಾ ಸದಸ್ಯರಲ್ಲಿ ಒಬ್ಬರಾದರು. ಮಹಾರಾಜರಿಂದ 'ಲೋಕಸೇವಾಪರಾಯಣಿ' ಬಿರುದು, ಬ್ರಿಟಿಷ್ ಸರ್ಕಾರದಿಂದ ಕೈಸರ್-ಎ-ಹಿಂದ್ ಪದಕ. 1950ರಲ್ಲಿ ತೀರಿಕೊಂಡರು.

ನನಗೆ ಇದರಲ್ಲಿ ಬಹಳ ಇಷ್ಟವಾಗುವುದು ಪದಕ ಅಲ್ಲ. ಆಕೆ ತನ್ನ ಕಂಪನಿಗೆ ಇಟ್ಟ ಹೆಸರು. ದುಡ್ಡಿತ್ತು, ಕೃಷ್ಣ ಕಾಫಿ, ಲಕ್ಷ್ಮಿ ಕಾಫಿ, ಕಾವೇರಿ ಕಾಫಿ, ಏನು ಬೇಕಾದರೂ ಇಡಬಹುದಿತ್ತು. ಸಾಕಮ್ಮ ಅಂತಲೇ ಇಟ್ಟರು. ಇಡೀ ಬೆಂಗಳೂರು ಬೆಳಗಾಗೆದ್ದು 'ಸಾಕಮ್ಮನ ಕಾಫಿಪುಡಿ ಬೇಕು' ಅಂತ ಕೇಳುವ ಹಾಗೆ ಮಾಡಿದರು. ಸಾಕು ಎಂಬ ಹೆಸರಿನ ಮುಂದೆ ಬೇಕು ಅಂತ ಜನ ಸಾಲಾಗಿ ನಿಂತರು.

ಸರಿ, ಇಷ್ಟೆಲ್ಲ ಇದ್ದ ಹೆಸರು ಈಗ ಯಾಕಿಲ್ಲ? ಎಲ್ಲರೂ ಥಟ್ಟನೆ ಕೊಡುವ ಉತ್ತರ, ಕಾಲ ಬದಲಾಯಿತು, ಜನರಿಗೆ ಬುದ್ಧಿ ಬಂತು. ಸ್ವಲ್ಪ ನಿಜ. ಪುಟ್ಟಮ್ಮ, ಕೆಂಪಮ್ಮ, ದೊಡ್ಡಮ್ಮ, ನಿಂಗಮ್ಮ ಎಲ್ಲರೂ ಒಟ್ಟಿಗೇ ಹೋದರು. 'ಅಮ್ಮ' ಹಚ್ಚಿದ ಹೆಸರುಗಳ ಫ್ಯಾಷನ್ ಮುಗಿಯಿತು. ಇನ್ನೊಂದು ಕಾರಣ ಸರಳ ಲೆಕ್ಕ. ಐದನೆಯ ಹೆಣ್ಣಿಗೆ ಸಾಕಮ್ಮ ಎಂದು ಹೆಸರಿಡಬೇಕಾದರೆ ಐದು ಮಕ್ಕಳಾಗಬೇಕಲ್ಲ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಎರಡು ಕೂಡ ಇಲ್ಲ.

ಈಗ ಈ ಲೆಕ್ಕವನ್ನೇ ಸ್ವಲ್ಪ ಮುಂದಕ್ಕೆ ಹಾಕಿ ನೋಡಿ. ಮಕ್ಕಳು ಎರಡೇ ಸಾಕು, ಆದರೆ ಅದರಲ್ಲಿ ಒಂದು ಗಂಡಾಗಲೇಬೇಕು ಎಂದುಕೊಂಡ ಮನೆ. ಹಿಂದೆ ಅಂಥ ಮನೆ ಗಂಡು ಹುಟ್ಟುವವರೆಗೆ ಹೆರುತ್ತಾ ಹೋಗುತ್ತಿತ್ತು. ಆ ದಾರಿಯಲ್ಲಿ ಹುಟ್ಟಿದ ಹುಡುಗಿಯರೇ ಸಾಕಮ್ಮಂದಿರು. ಈಗ ಹೆರುತ್ತಾ ಹೋಗುವಂತಿಲ್ಲ. ಮನೆ ಚಿಕ್ಕದು, ಶಾಲೆ ಫೀಸು ದೊಡ್ಡದು. ಆದರೆ ಗಂಡು ಬೇಕೆಂಬ ಹಟ ಅಷ್ಟೇ ಇದೆ. ಹಿಂದೆ ಐದನೆಯ ಹೆಣ್ಣಿಗೆ 'ಸಾಕು' ಅನ್ನುತ್ತಿದ್ದವರು ಈಗ ಎರಡನೆಯದಕ್ಕೇ ಅನ್ನಬೇಕು. ಅದೂ ಹುಟ್ಟುವ ಮೊದಲೇ.

ಹುಟ್ಟುವ ಮೊದಲು ಹೇಗೆ ಗೊತ್ತಾಗಬೇಕು? ಇಲ್ಲಿ ನನ್ನ ಓದಿನ ವಿಷಯ ಬರುತ್ತದೆ. ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿದವಳು. ಮನುಷ್ಯರ ಕಿವಿಗೆ ಸುಮಾರು 20,000 ಹರ್ಟ್ಜ್‌ವರೆಗಿನ ಶಬ್ದ ಕೇಳುತ್ತದೆ. ಅದಕ್ಕಿಂತ ಮೇಲಿನದು ಅಲ್ಟ್ರಾಸೌಂಡ್. ಸ್ಕ್ಯಾನಿಂಗ್ ಯಂತ್ರ ಕಳಿಸುವುದು ಕೆಲವು ದಶಲಕ್ಷ ಹರ್ಟ್ಜ್‌ನ ಅಲೆ. ಅದು ದೇಹದೊಳಗೆ ಹೋಗಿ, ಒಂದೊಂದು ಪದರಕ್ಕೂ ಬಡಿದು ವಾಪಸ್ ಬರುತ್ತದೆ. ಎಷ್ಟು ಹೊತ್ತಿಗೆ ಬಂತು, ಎಷ್ಟು ಜೋರಾಗಿ ಬಂತು ಅಂತ ಅಳೆದರೆ ಒಳಗಿನ ಚಿತ್ರ. ಬೆಟ್ಟದ ಮುಂದೆ ನಿಂತು ಕೂಗಿ ಪ್ರತಿಧ್ವನಿಯಿಂದ ದೂರ ಅಂದಾಜು ಮಾಡಿದ ಹಾಗೆ, ಅಷ್ಟೇ. ಇದರ ಚರಿತ್ರೆ ಇನ್ನೂ ಚೆನ್ನಾಗಿದೆ. 1950ರ ದಶಕದಲ್ಲಿ ಗ್ಲಾಸ್ಗೋದ ಡಾಕ್ಟರ್ ಇಯಾನ್ ಡೊನಾಲ್ಡ್ ಕೈಗೆ ಮೊದಲು ಸಿಕ್ಕಿದ್ದು ಲೋಹದೊಳಗಿನ ಬಿರುಕು ಹುಡುಕಲು ಕಾರ್ಖಾನೆಯಲ್ಲಿ ಬಳಸುತ್ತಿದ್ದ ಯಂತ್ರ. ಟಾಮ್ ಬ್ರೌನ್ ಎಂಬ ಎಂಜಿನಿಯರ್ ಜೊತೆ ಸೇರಿ ಅದನ್ನೇ ಮನುಷ್ಯರ ಹೊಟ್ಟೆಗೆ ಒಗ್ಗಿಸಿ, 1958ರಲ್ಲಿ ಆ ಚಿತ್ರಗಳನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾಲೇಜಿನಲ್ಲಿ ಇದನ್ನು ಓದಿದಾಗ ರೋಮಾಂಚನ ಆಗಿತ್ತು. ಒಬ್ಬ ಎಂಜಿನಿಯರ್ ಲಕ್ಷಾಂತರ ಬಾಣಂತಿಯರ ಜೀವ ಉಳಿಸಬಹುದಲ್ಲ ಅಂತ. ಉಳಿಸಿಯೂ ಇದ್ದಾರೆ, ಅದರಲ್ಲಿ ಅನುಮಾನವಿಲ್ಲ. ಮಗು ಅಡ್ಡ ಮಲಗಿದೆಯೇ, ಬೆಳವಣಿಗೆ ಸರಿಯಿದೆಯೇ, ಎಲ್ಲ ಅದೇ ಹೇಳಬೇಕು.

ನಮ್ಮ ದೇಶದಲ್ಲಿ ಅದಕ್ಕೆ ಇನ್ನೊಂದು ಕೆಲಸ ಹಚ್ಚಿದರು. 1980ರ ದಶಕದಲ್ಲಿ ಉತ್ತರದ ಊರುಗಳಲ್ಲಿ ಲಿಂಗ ಪತ್ತೆಗೆ ಬಹಿರಂಗವಾಗಿ ಜಾಹೀರಾತು ಹಾಕುತ್ತಿದ್ದರು. ಈಗ ನೂರಾರು ಖರ್ಚು ಮಾಡಿದರೆ ಮುಂದೆ ವರದಕ್ಷಿಣೆಯ ಸಾವಿರಾರು ಉಳಿಯುತ್ತದೆ ಎಂಬರ್ಥದ ಜಾಹೀರಾತು. 1988ರಲ್ಲಿ ಮಹಾರಾಷ್ಟ್ರ ಮೊದಲು ಕಾನೂನು ಮಾಡಿತು. 1994ರಲ್ಲಿ ಸಂಸತ್ತು ಇಡೀ ದೇಶಕ್ಕೆ ಕಾಯ್ದೆ ಮಾಡಿತು, 1996ರ ಜನವರಿ 1ರಿಂದ ಅದು ಜಾರಿಗೆ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಪ್ರತಿ ಸ್ಕ್ಯಾನಿಗೂ 'ಫಾರ್ಮ್ ಎಫ್' ತುಂಬಬೇಕು. ಗಂಡೋ ಹೆಣ್ಣೋ ಎಂದು ಬಾಯಲ್ಲಷ್ಟೇ ಅಲ್ಲ, ಸನ್ನೆಯಲ್ಲೂ ಹೇಳುವಂತಿಲ್ಲ. ಲಿಂಗ ಪತ್ತೆ ಮಾಡುವುದಿಲ್ಲ ಎಂಬ ಬೋರ್ಡು ಪ್ರತಿ ಸ್ಕ್ಯಾನಿಂಗ್ ಸೆಂಟರಿನಲ್ಲೂ ಇದೆ, ನೀವೂ ನೋಡಿರುತ್ತೀರಿ.

ಬೋರ್ಡು ಇದೆ. ಸಂಖ್ಯೆ ಏನು ಹೇಳುತ್ತದೆ? ಆರು ವರ್ಷದವರೆಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ ಎಷ್ಟು ಹೆಣ್ಣು ಎಂಬ ಲೆಕ್ಕವನ್ನು ಜನಗಣತಿ ಕೊಡುತ್ತದೆ. 1961ರಲ್ಲಿ ದೇಶದಲ್ಲಿ 976 ಇತ್ತು. 1991ಕ್ಕೆ 945. 2001ಕ್ಕೆ 927. 2011ಕ್ಕೆ 918. ಕರ್ನಾಟಕದಲ್ಲಿ 2011ರಲ್ಲಿ 948, ಅಂದರೆ ದೇಶಕ್ಕಿಂತ ನಾವು ವಾಸಿ. ಆದರೆ ನಮ್ಮಲ್ಲೇ 1991ರಲ್ಲಿ 960 ಇತ್ತು ಎನ್ನುವುದನ್ನು ಪಕ್ಕದಲ್ಲಿಟ್ಟುಕೊಂಡು ವಾಸಿ ಅನ್ನಿ. ಜನ ಹೆಚ್ಚು ಓದಿದ, ಆಸ್ಪತ್ರೆ ಹತ್ತಿರವಾದ, ಹೆಸರುಗಳು ನಯವಾದ ವರ್ಷಗಳಲ್ಲೇ ಈ ಸಂಖ್ಯೆ ಇಳಿಯಿತು.

2023ರ ನವೆಂಬರ್ ನೆನಪಿದೆಯಾ? ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಒಂದು ಜಾಲ ಹಿಡಿದರು. ಮಂಡ್ಯದ ಬಳಿ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಲಿಂಗ ಪತ್ತೆ. ಹೆಣ್ಣು ಅಂತಾದರೆ ಮೈಸೂರಿನಲ್ಲಿ ಗರ್ಭಪಾತ. ಮೂರು ವರ್ಷದಲ್ಲಿ ಸುಮಾರು 900 ಎಂಬ ಸಂಖ್ಯೆ ಆಗ ತನಿಖೆಯ ಮೂಲಗಳಿಂದ ಬಂತು. ಸರ್ಕಾರ ಪ್ರಕರಣವನ್ನು ಸಿಐಡಿಗೆ ವಹಿಸಿತು. ಆ ರಾತ್ರಿ ಒಂದು ಗಂಟೆಯ ಪ್ಯಾನೆಲ್ ಚರ್ಚೆ ನಡೆಸಿದವಳು ನಾನೇ. ಕೂಗಾಟ ಬಹಳ ಆಯಿತು, ನಾನೂ ಕೂಗಿದೆ. ಸ್ಕ್ರೀನಿನ ಮೇಲೆ ಆಲೆಮನೆಯ ದೃಶ್ಯ ಮತ್ತೆ ಮತ್ತೆ ಬರುತ್ತಿತ್ತು. ಆಲೆಮನೆ ಅಂದರೆ ನನಗೆ ಗೊತ್ತಿದ್ದುದು ಬಿಸಿ ಬೆಲ್ಲದ ವಾಸನೆ, ಅಚ್ಚಿಗೆ ಹೊಯ್ಯುವಾಗ ಅಂಗೈಗೆ ಹಾಕುತ್ತಿದ್ದ ಒಂದು ತುಂಡು. ಕಬ್ಬು ಅರೆಯುವ ಜಾಗದಲ್ಲಿ ಇದು!

ಮನೆಗೆ ಹೋಗುವಾಗ ಕಾರಿನಲ್ಲಿ ಒಂದು ಯೋಚನೆ ಬಂತು, ಇನ್ನೂ ಬಿಟ್ಟು ಹೋಗಿಲ್ಲ. ಆ 900ರಲ್ಲಿ ಒಬ್ಬಳಿಗೂ ಸಾಕಮ್ಮ ಎಂದು ಹೆಸರಿಡುವ ಪ್ರಸಂಗ ಬರಲಿಲ್ಲ. ಹೆಸರಿಡಬೇಕಾದರೆ ಹುಟ್ಟಬೇಕು. ನಮ್ಮಜ್ಜಿಗೆ ಆ ಹೆಸರಿಟ್ಟವರು ಕ್ರೂರಿಗಳೇ ಇರಬಹುದು, ಆದರೆ ಮಗು ಹುಟ್ಟಿದ ಮೇಲೆ ಇಟ್ಟರು. ತೊಟ್ಟಿಲು ಕಟ್ಟಿದರು, ಎಣ್ಣೆ ನೀರು ಹಾಕಿದರು, ಬೈಯ್ದುಕೊಂಡೇ ಮುದ್ದೆ ಮುರಿದು ಹಾಕಿದರು. ಸಾಕು ಅಂದವರೇ ಸಾಕಿದರು. ಒಂದು ಹೆಸರು ಹೋಯಿತು ಅಂತ ನಾನು ಖುಷಿ ಪಟ್ಟಿದ್ದೆನಲ್ಲ, ಆ ಹೆಸರಿನ ಜೊತೆ ಹೋದ ಹುಡುಗಿಯರನ್ನು ಎಣಿಸಿರಲಿಲ್ಲ.

ಆ ಹೆಸರು ವಾಪಸ್ ಬರಲಿ ಅಂತ ನಾನು ಹೇಳುತ್ತಿಲ್ಲ. ಹುಟ್ಟಿದ ದಿನವೇ ಮಗುವಿನ ಹಣೆಗೆ 'ಬೇಡ' ಅಂತ ಬರೆಯುವುದು ಸಣ್ಣ ಹಿಂಸೆಯಲ್ಲ. ಸಾತಾರಾದವರು ಮಾಡಿದ್ದು ಸರಿಯೇ. ಆದರೆ 'ಶಾಕಾಂಬರಮ್ಮ' ಎಂದು ಅಚ್ಚು ಹಾಕಿಸಿ ಚರಿತ್ರೆಯನ್ನು ಮುಚ್ಚುವುದೂ, ಆಲೆಮನೆಯಲ್ಲಿ ಯಂತ್ರ ಇಟ್ಟು ಹುಡುಗಿಯನ್ನೇ ಮುಚ್ಚಿಹಾಕುವುದೂ ಒಂದೇ ಊರಲ್ಲಿ ನಡೆಯುತ್ತವೆ. ನಮ್ಮ ನಾಲಿಗೆ ನಯವಾಗಿದೆ. ನಾನೂ ನಮ್ಮ ಮನೆಯ ಎರಡನೆಯ ಹೆಣ್ಣು. ನಾನು ಹುಟ್ಟಿದಾಗ ಆಸ್ಪತ್ರೆಗೆ ಬಂದ ನೆಂಟರೊಬ್ಬರು ಅಪ್ಪನ ಹೆಗಲ ಮೇಲೆ ಕೈಯಿಟ್ಟು 'ಇರ್ಲಿ ಬಿಡಿ, ಮುಂದಿನದು ಆಗುತ್ತೆ' ಅಂದರಂತೆ. ಬಹಳ ಮೆತ್ತಗೆ, ಬಹಳ ಪ್ರೀತಿಯಿಂದ. ಮುಂದಿನದು ಆಗಲಿಲ್ಲ, ಅಪ್ಪ ಅಮ್ಮ ಅಷ್ಟಕ್ಕೇ ನಿಲ್ಲಿಸಿದರು. ಯಾಕೆ ನಿಲ್ಲಿಸಿದಿರಿ ಅಂತ ಯಾರಾದರೂ ಕೇಳಿದರೆ ಅಪ್ಪ ಹೇಳುತ್ತಿದ್ದುದೂ ಅದೇ ಪದ, 'ಸಾಕು'. ಅದು ಹೊಟ್ಟೆ ತುಂಬಿದವರು ಹೇಳುವ ಸಾಕು.

ಅಜ್ಜಿಯ ಅಮ್ಮ, ಅಂದರೆ ಆ ಐದನೆಯ ಹೆಣ್ಣನ್ನು ಹೆತ್ತಾಕೆ, ಕೊನೆಯ ಏಳು ವರ್ಷ ಇದ್ದದ್ದು ಅಜ್ಜಿಯ ಮನೆಯಲ್ಲೇ. ಮನೆದೇವರ ಹೆಸರಿನ ಮಗ ಬೆಂಗಳೂರಿಗೆ ಬಂದಿದ್ದ, ಅವನ ಬಾಡಿಗೆ ಮನೆ ಚಿಕ್ಕದಾಗಿತ್ತು. ಹಾಸಿಗೆ ಹಿಡಿದ ಮುದುಕಿಗೆ ನೀರು ಹಾಕಿ, ತಲೆ ಬಾಚಿ, ಗಂಜಿ ಕುಡಿಸಿದ್ದೆಲ್ಲ ಈಕೆ. ಇದನ್ನು ಅಜ್ಜಿ ದೊಡ್ಡ ತ್ಯಾಗದ ಹಾಗೆ ಹೇಳುವುದಿಲ್ಲ. ಒಂದು ಸಲ ಅವರೆಕಾಯಿ ಸುಲಿಯುತ್ತಾ, 'ಸಾಕು ಅಂತ ಹೆಸ್ರಿಕ್ಕಿದ್ಲು. ಕಡೀಕೆ ಸಾಕ್ದೋಳು ನಾನೇ' ಅಂದು, ಸಿಪ್ಪೆಯನ್ನು ಮೊರದ ಆಚೆ ಬದಿಗೆ ತಳ್ಳಿದರು.

ಭಾನುವಾರದ ಕಾರ್ಯಕ್ರಮದಲ್ಲಿ ಆದ್ಯಾ, ಅದ್ವಿಕಾಗಳ ನಡುವೆ ಎರಡು ನಿಮಿಷ ಸಾಕಮ್ಮನಿಗೂ ಕೊಡುತ್ತೇವೆ ಅಂತ ಪ್ರೊಡ್ಯೂಸರ್ ಒಪ್ಪಿದರು. ಹೇಳುವ ಮೊದಲು ಕೇಳಬೇಕಲ್ಲ ಅಂತ ಅಜ್ಜಿಗೆ ಫೋನ್ ಮಾಡಿದೆ. 'ಅಜ್ಜಿ, ನಿಮ್ಮ ಹೆಸರನ್ನ ಟಿವೀಲಿ ಹೇಳ್ಲಾ?'

'ಯಾಕವ್ವ, ನಾನೇನ್ ಮಾಡ್ದೆ?'

'ಏನೂ ಇಲ್ಲ, ಹೆಸರಿನ ವಿಷಯ ಅಷ್ಟೇ. ಕಾಫಿಪುಡಿ ಸಾಕಮ್ಮ ಅಂತ ಇದ್ರಲ್ಲ, ಅವರದ್ದೂ ಹೇಳ್ತೀನಿ.'

ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದುಗಡೆ ಯಾವುದೋ ಧಾರಾವಾಹಿಯ ಸದ್ದು ಕೇಳುತ್ತಿತ್ತು.

'ಹೇಳು. ಸಾಕಮ್ಮ ಅಂತ್ಲೇ ಹೇಳು. ಆ ಕಾರ್ಡ್‌ನೋಳ ಹೆಸ್ರು ಮಾತ್ರ ಹೇಳ್ಬ್ಯಾಡ.'